ಚರಟ ಇಳಿಯುವವರೆಗೆ

ಬವೂತಿಯ ಹಳೇ ಸಾಮಾನಿನ ಸಂತೆಯಲ್ಲಿ
ಒಂಟಿ ಸ್ಕೇಟು, ಮೂಗು ಮುರಿದ ಸಂತರು,
ಅವರ ಕಾಲಬುಡದಲ್ಲಿ ಇದು:
ಹಿಡಿ ಇದೆ, ಹಿಡಿತ ಇಲ್ಲ;
ಬಾಯ್ಲರಿದೆ, ಬುಡ ಸೋರುತ್ತೆ.
‘ಓಡುತ್ತಾ?’ ಅಂದೆ.
‘ನಿಮ್ಮ ಹಾಗೇ, ಅಜ್ಜಿ,’ ಅಂದ ಪಡ್ಡೆ ಹುಡುಗ,
‘ಬೆಳಿಗ್ಗೆ ಎದ್ದರೆ ಓಡುತ್ತೆ.’
ಅರವತ್ತು ಹೇಳಿದ್ದ.
ಆ ಮಾತಿಗೆ ದಂಡ ಇಪ್ಪತ್ತು ಮುರಿದು
ನಲವತ್ತು ಜ್ಲೋಟಿ ಎಣಿಸಿ,
ಕೂಸಿನ ಹಾಗೆ ಸೊಂಟಕ್ಕೆತ್ತಿ ಟ್ರಾಮು ಹತ್ತಿದೆ.

ಮೇಲಿನ ಮಹಡಿಯ ಜೆನೊನ್ ಹತ್ತಿರ ಇನ್ನೊಂದಿದೆ.
ಕನ್ನಡಿಯಂಥ ಮೈ. ಬೆರಳು ತಾಗಿದರೆ
ಶುಭೋದಯ ಅನ್ನುತ್ತೆ.
ಬೆಲೆ ನನ್ನ ಎರಡು ತಿಂಗಳ ಪಿಂಚಣಿ.
ಅದರ ಕಾಫಿ (ಕುಡಿದವಳು ಹೇಳಬಾರದು)
ಪರವಾಗಿಲ್ಲ.
ಕೆಟ್ಟರೆ? ಅಂದೆ.
ಬಿಚ್ಚುವಂತಿಲ್ಲವಂತೆ. ನಮ್ಮ ತಿರುಗುಳಿ ಕೂರದ
ನಕ್ಷತ್ರ ಕೊರೆದಿದ್ದಾರಂತೆ ಸ್ಕ್ರೂಗಳ ನೆತ್ತಿಗೆ.
ಬಿಚ್ಚಲಾಗದ್ದು ನಿನ್ನದು ಹೇಗಾದೀತು, ಜೆನೊನ್?
ನೆಂಟ ಅದು. ನೀನು ಸಾಕುತ್ತಿದ್ದೀಯ.

ನಾನು ಹಾಲ್ಷ್ಕಾ. ಮೂವತ್ತೊಂದು ವರ್ಷ
ವೂಚಿನ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡಿದವಳು.
ಆ ಗದ್ದಲ ನನ್ನ ಕಿವಿಯ ತುದಿಸ್ವರಗಳನ್ನು
ಸಂಬಳದಲ್ಲಿ ಮುರಿದುಕೊಂಡಿತು;
ಗುಬ್ಬಿ ಈಗ ನನಗೆ ಬರೀ ಕೊಕ್ಕು ತೆರೆಯುತ್ತೆ.
ಅಂಗೈ ಮಾತ್ರ ಮುಟ್ಟಲಿಲ್ಲ ಅದು.
ಇನ್ನೂರು ಮಗ್ಗಗಳ ನಡುವೆ
ಯಾವುದರ ಎಳೆ ಇನ್ನೇನು ಕಡಿಯುತ್ತೆ ಅಂತ
ಚೌಕಟ್ಟಿಗೆ ಕೈಯೂರಿ ಹೇಳುತ್ತಿದ್ದೆ.

ಮೇಜಿಗೆ ಹಳೇ ಪೇಪರು ಹಾಸಿ,
ಮೊಟ್ಟೆ ಟ್ರೇಯ ಗುಳಿಗೊಂದು ಸ್ಕ್ರೂ,
ಬಿಚ್ಚಿದ ಸಾಲಿನಲ್ಲೇ.
ಬಾಯ್ಲರಿನೊಳಗೆ ಸುಣ್ಣದ ಗವಿ.
ಈ ಊರ ಹೆಸರಿಗೆ ದೋಣಿ ಅಂತ ಅರ್ಥ,
ದೋಣಿ ತೇಲಿಸುವಂಥ ಹೊಳೆ ಇಲ್ಲ;
ಇರುವ ನೀರು ನಲ್ಲಿಗೆ ಬಂದು
ಮನೆಮನೆಯ ಕೆಟಲಿನಲ್ಲಿ ಕಲ್ಲಾಗುತ್ತೆ.
ನಿಂಬೆ ಉಪ್ಪಿನಲ್ಲಿ ರಾತ್ರಿಯಿಡೀ ನೆನೆಸಿದೆ.
ಬುಸುಬುಸು ಬೈದು ಸುಮ್ಮನಾಯಿತು.

ವಾಷರಿಗೆ
ಸೌತೆಕಾಯಿ ಉಪ್ಪಿನಕಾಯಿ ಜಾಡಿಯ ರಬ್ಬರ್ ಉಂಗುರ.
ಸೋರುವುದು ನಿಂತಿತು,
ಮೊದಲ ಮೂರು ಕಪ್ಪಿಗೆ ಸಬ್ಬಸಿಗೆ ವಾಸನೆ.

ಬೀಸುವುದಕ್ಕೆ ಅಮ್ಮನದೇ ಮರದ ಡಬ್ಬಿ,
ಪುಟ್ಟ ಡ್ರಾಯರಿನದು, ಅಲ್ಲಾಡುವ ಹಲ್ಲಿನದು.
ಮೀನಿನ ಡಬ್ಬಿಯ ಮುಚ್ಚಳದಿಂದ
ಉಗುರಗಲ ತಗಡು ಕತ್ತರಿಸಿ ಹಲ್ಲಿನಡಿ ಸಿಕ್ಕಿಸಿದೆ.
ಒಂದು ತಗಡಿಗೆ ಉಪ್ಪಿಟ್ಟಿನ ರವೆ:
ನೀರು ಕೇಳದೆ ಹಾದುಹೋಯಿತು.
ಮೂರಕ್ಕೆ ಮೈದಾಹಿಟ್ಟು:
ಪಂಪಿಗೆ ಗಂಟಲು ಕಟ್ಟಿತು.
ಎರಡಕ್ಕೆ ಚಿರೋಟಿ ರವೆ.
ಎರಡು ಅಂತ ಗೋಡೆಗೆ ಪೆನ್ಸಿಲಿನಲ್ಲಿ ಬರೆದೆ,
ಮರೆಯುವವಳಲ್ಲ, ಆದರೂ.

ಮೊಮ್ಮಗಳು ಕಲೀನಾ ಗಡಿಯಾರ ಹಿಡಿದು
ಸೆಕೆಂಡು ಕೂಗುತ್ತಾಳೆ.
ಹದಿನಾಲ್ಕು: ಹುಳಿ, ಮುಖ ಕಿವುಚುವಷ್ಟು.
ಐವತ್ತು: ಕಹಿ, ಸುಟ್ಟ ಬೂಟಿನ ಹಾಗೆ.
ಇಪ್ಪತ್ತೈದಾಗಬೇಕು ಅಜ್ಜಿ, ಅನ್ನುತ್ತಾಳೆ.
ಆಗಲಿ ಮಗೂ, ನೀನು ಎಣಿಸು,
ನಾನು ಹಿಡಿದಿರುತ್ತೇನೆ.

ಹನ್ನೊಂದನೇ ದಿನ
ಯಂತ್ರದ ಪಕ್ಕೆಗೆ ಅಂಗೈ ಇಟ್ಟಿದ್ದೆ.
ಬಿಡಿಬಿಡಿ ನಡುಗುತ್ತಿದ್ದ ಪಂಪು
ಒಮ್ಮೆಲೇ ಭಾರ ಸಿಕ್ಕವರ ಹಾಗೆ
ಕಾಲೂರಿ ನಿಂತಿತು;
ಹಾಸು ಹೊಕ್ಕು ಬಿಗಿಯಾದ ಮಗ್ಗದ ನಡುಕ ಅದು,
ಬಲ್ಲೆ.
ಕಲೀನಾ ಕೂಗುವ ಮೊದಲೇ ಗುಂಡಿ ಒತ್ತಿ ನಿಲ್ಲಿಸಿದೆ.
ಎಷ್ಟಾಗಿತ್ತೋ, ಅವಳೂ ನೋಡಿರಲಿಲ್ಲ,
ಇಲಿಬಾಲದಂಥ ಜೇನುಬಣ್ಣದ ಧಾರೆಯನ್ನೇ
ಬಾಯಿಬಿಟ್ಟು ನೋಡುತ್ತಿದ್ದಳು.

ಗಿರಣಿಯ ಕ್ಯಾಂಟೀನಿನಲ್ಲಿ ನಮಗೆ ಗಾಜಿನ ಲೋಟ,
ಒಂದು ಚಮಚ ಪುಡಿ, ಮೇಲೆ ಕುದಿನೀರು, ಅಷ್ಟೇ.
ಪ್ಲೂಯ್ಕಾ ಅನ್ನುತ್ತಿದ್ದೆವು, ಉಗುಳುಕಾಫಿ.
ಚರಟ ತಳಕ್ಕಿಳಿಯುವ ಮೊದಲೇ
ಪಾಳಿಯ ಗಂಟೆ ಹೊಡೆಯುತ್ತಿತ್ತು;
ಹಲ್ಲಿನಲ್ಲಿ ಸೋಸಿಕೊಂಡು ಓಡುತ್ತಿದ್ದೆವು.

ಕಪ್ಪು ಮುಂದಿದೆ.
ಕಲೀನಾ ಕಾಯುತ್ತಿದ್ದಾಳೆ: ಹೇಗಿದೆ, ಹೇಗಿದೆ?
ನಾನೂ ಕಾಯುತ್ತಿದ್ದೇನೆ, ಸುಮ್ಮನೆ ನೋಡುತ್ತಾ.
‘ಯಾಕಜ್ಜಿ, ಆರಿಹೋಗುತ್ತೆ’ ಅಂದಾಗ ತಿಳಿಯಿತು:
ಇಳಿಯಲು
ಇದರಲ್ಲಿ ಚರಟವೇ ಇಲ್ಲ.